ಮೂರು ನೀರು

ಮೊದಲ ತೊಟ್ಟಿಯಲ್ಲಿ ಮಣ್ಣು ಬಿಡುತ್ತದೆ.
ಎರಡನೆಯದರಲ್ಲಿ ಮದ್ದು: ಕ್ಲೋರಿನ್ ಗುಳಿಗೆ ಕರಗಿಸಿ
ಬೆರಳುದ್ದದ ಕಾಗದದ ಪಟ್ಟಿ ಅದ್ದಿದರೆ
ಬಿಳಿ ಹೋಗಿ ನೇರಳೆಯಾಗಬೇಕು,
ನೇರಳೆಹಣ್ಣು ತಿಂದ ನಾಲಗೆಯಷ್ಟು.
ಮೂರನೆಯದು ಮಂಜುಗಡ್ಡೆಯ ನೀರು. ಅಲ್ಲಿ ಎಲೆ
ಬೆಚ್ಚಿಬಿದ್ದಂತೆ ಸೆಟೆದು ನಿಲ್ಲುತ್ತದೆ.

ಲೋವರ್ ಪರೇಲ್. ಹಳೇ ಗಿರಣಿಯ ಬೆನ್ನಿಗಂಟಿದ ಅಡುಗೆಮನೆ.
ಹದಿನಾಲ್ಕು ವರ್ಷ ಇಡ್ಲಿಹಿಟ್ಟು ರುಬ್ಬಿದ ಕೈ ಇದು,
ಹೋಟೆಲು ಮುಚ್ಚಿದ ಮೇಲೆ ಇಲ್ಲಿ ಲೆಟ್ಯೂಸ್ ತೊಳೆಯುತ್ತದೆ.
ತಳೇಗಾಂವದ ಪ್ಲಾಸ್ಟಿಕ್ ಮನೆಯಲ್ಲಿ ಬೆಳೆದದ್ದು,
ಮಳೆ ಗಾಳಿ ತಾಗದ್ದು,
ಆಷಾಢ ಯಾವುದು ಮಾಘ ಯಾವುದು ಕೇಳಿದರೆ ಹೇಳಲಾರದ್ದು.
ಮೊದಲ ದಿನ ಬೆಲೆ ನೋಡಿ ನಕ್ಕಿದ್ದೆ:
ದನದ ಮುಂದೆ ಹಾಕುವುದಕ್ಕೆ ಇನ್ನೂರ ಎಂಬತ್ತು ರೂಪಾಯಿ!
ಆಮೇಲೆ ನಗು ಬಿಟ್ಟೆ. ಸಂಬಳ ಅದರಿಂದಲೇ.

ಪ್ರತಿ ಡಬ್ಬಿಯ ಮೇಲೆ ತೊಳೆದವನ ಎರಡಕ್ಷರ ಬರೆಯಬೇಕು.
ಎಸ್.ಪಿ. ಶೀನ ಪೂಜಾರಿ.
ಪೊಲೀಸು ಸಾಹೇಬರು ಬಂದರು, ಎದ್ದು ನಿಲ್ಲಿ, ಅಂತ
ಮುನೀಲಾಲ ದಿನಾ ತಮಾಷೆ ಮಾಡುತ್ತಿದ್ದ.

ಮಂಗಳವಾರ ತಮಾಷೆ ನಿಂತಿತು.
ಒಂದೇ ಆಫೀಸಿನ ಹನ್ನೊಂದು ಮಂದಿಗೆ ವಾಂತಿ, ಭೇದಿ.
ಸೋಮವಾರ ಸೋಮವಾರ ‘ಕಾಂದಾ ಬೇಡ’ ಅಂತ ಬರೆಸುವ
ಪ್ರಾಜಕ್ತಾ ಎಂಬ ಹುಡುಗಿ (ಮುಖ ನೋಡಿದವನಲ್ಲ ನಾನು)
ಗ್ಲುಕೋಸ್ ಬಾಟಲಿಯ ಕೆಳಗೆ ಮಲಗಿದ್ದಾಳಂತೆ.
ಇನ್‌ಸ್ಪೆಕ್ಟರು ಉಳಿದ ಎಲೆಗಳನ್ನು ಚೀಲಕ್ಕೆ ತುಂಬಿ, ಮುದ್ರೆ ಒತ್ತಿ,
ಎಸ್.ಪಿ. ಯಾರು? ಅಂದರು.
ಮೂರೂ ನೀರಿನ ಲೆಕ್ಕ ಒಪ್ಪಿಸಿದೆ,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೈಕಟ್ಟಿ.
ಅವರು ಬೈಯಲಿಲ್ಲ. ಬರೆದುಕೊಳ್ಳುತ್ತಲೇ ಅಂದರು:
ಕೆಲವು ತೊಳೆದರೆ ಹೋಗುವುದಿಲ್ಲ ಕಾಕಾ,
ಬೇರು ಕುಡಿದದ್ದು ಎಲೆಯ ಒಳಗಿರುತ್ತದೆ.

ಬೇರು ಏನು ಕುಡಿಯಿತು?
ಯಾರೂ ಹೇಳಲಿಲ್ಲ. ತನಾಜ್ ಮೇಡಂ ಮಾತ್ರ
ಸಂಜೆಯೊಳಗೆ ಹೊರಗಿನ ಕರಿಹಲಗೆ ಒರೆಸಿ
ಸೀಮೆಸುಣ್ಣದಲ್ಲಿ ಬರೆಸಿದರು: ಈ ಋತುವಿನ ತರಕಾರಿ.
ಕೆಳಗೆ ಒಂದು ಹೂವಿನ ಚಿತ್ರ.

ಬೋರಿವಲಿ ಲೋಕಲ್. ಬಾಗಿಲ ಕಂಬ ಹಿಡಿದು ನಿಂತರೆ
ಜೋಗೇಶ್ವರಿ ದಾಟಿ, ಹಳಿಯ ಮಗ್ಗುಲಿಗೆ,
ಆ ಪಾಲಕ್ ಮಡಿಗಳು. ಎಂಥ ಹಸಿರು!
ಎರಡು ದಿನದಿಂದ ಮಳೆ ಬಿಟ್ಟಿತ್ತಲ್ಲ,
ಕರಿ ಕಾಲುವೆಯಲ್ಲಿ ಜೋಡಿ ಡಬ್ಬ ಮುಳುಗಿಸಿ
ಒಬ್ಬ ಬಗ್ಗಿ ಬಗ್ಗಿ ಹುಯ್ಯುತ್ತಿದ್ದ.
ಅವನ ಡಬ್ಬದ ಮೇಲೆ ಯಾರ ಅಕ್ಷರವೂ ಇಲ್ಲ.
ಅವನ ಮನೆಯಲ್ಲೂ ಇವತ್ತು ಪಾಲಕ್ಕೇ ಇರಬಹುದು.
ಇಲ್ಲದೆಯೂ ಇರಬಹುದು.

ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಜವ್ಹಾರ ಕಡೆಯ ಹೆಂಗಸು
ಸಾಗುವಾನಿ ಎಲೆಯ ಮೇಲೆ ಮಡಹಾಗಲ ಗುಡ್ಡೆಹಾಕಿ ಕೂತಿದ್ದಳು.
ಪಕ್ಕದಲ್ಲಿ ತಗಟೆ ಸೊಪ್ಪು, ನಮ್ಮ ಕಡೆಯ ತಜಂಕು,
ಆಟಿ ತಿಂಗಳಲ್ಲಿ ಅಮ್ಮ ಬೇಲಿಬದಿಯಿಂದ ಚಿವುಟಿ ತಂದು
ಹಸಿಯಾಗಿ ಒಮ್ಮೆಯೂ ಬಡಿಸದಿದ್ದದ್ದು.
ಯಾವ ನೀರು, ಮಾವಶಿ? ಕೇಳಿಯೇಬಿಟ್ಟೆ.
ಹುಚ್ಚನನ್ನು ನೋಡಿದಂತೆ ನೋಡಿ
ಗದ್ದ ಎತ್ತಿ ಮೋಡ ತೋರಿಸಿದಳು: ವರ್ಚಂ ಪಾಣಿ.
ಮೇಲಿನದು.

ರಾತ್ರಿ ಮಳೆ ಮತ್ತೆ ಹಿಡಿಯಿತು.
ಮಡಹಾಗಲ ಹೆಚ್ಚುವ ಮೊದಲು ಕೈ ತಾನಾಗಿಯೇ
ಮೂರು ಪಾತ್ರೆ ಸಾಲಾಗಿ ಇಟ್ಟಿತು.
ಅಂಗಿಯ ಜೇಬಿನಲ್ಲಿ ಒಂದು ಪಟ್ಟಿ ಉಳಿದಿತ್ತು.
ಕಿಟಕಿಯ ಸರಳಿನ ಹೊರಗೆ ಲೋಟ ಚಾಚಿ
ಮೇಲಿನ ನೀರು ಹಿಡಿದು, ಅದ್ದಿದೆ.

ಬಿಳಿಯಾಗಿಯೇ ಉಳಿಯಿತು.
ಬಿಳಿ ಅಂದರೆ ಮದ್ದಿಲ್ಲ ಅಂತ, ಅಷ್ಟೆ;
ಬೇರೆ ಏನಿದೆ ಏನಿಲ್ಲ ಅಂತ ಈ ಕಾಗದಕ್ಕೆ ಗೊತ್ತಿಲ್ಲ.
ಎಣ್ಣೆ ಕಾದಿತ್ತು. ಸಾಸಿವೆ ಹಾಕಿದೆ.
ಮುಚ್ಚಿಟ್ಟು, ಎರಡು ಸಲ ತೆಗೆದು ನೋಡಿದೆ.
ಬೆಂದಿತ್ತು.
ಇನ್ನೂ ಐದು ನಿಮಿಷ ಇರಲಿ ಅಂತ ಬಿಟ್ಟೆ.